ದಾನಿಗಳ ಪಟ್ಟಿಗೂ ಮೊದಲು

ಸಣ್ಣ ಸೇವಾ ಸಂಸ್ಥೆ ನಡೆಸುವವರು ನೆರವು ಹುಡುಕಲು ಹೊರಟಾಗ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಫಂಡ್ ಯಾರು ಕೊಡ್ತಾರೆ?" ಈ ಪ್ರಶ್ನೆಯ ಸುತ್ತ ಒಂದು ಸಂತೆಯೇ ನೆರೆದಿದೆ. ಕಂಪನಿಗಳ ಇಮೇಲ್ ಪಟ್ಟಿ ಮಾರುವವರು, ಕಂಪನಿಗಳು ಕಾನೂನಿನಂತೆ ಸಮಾಜದ ಕೆಲಸಕ್ಕೆ ತೆಗೆದಿಡುವ ಹಣ ತೋರಿಸಿ "ಸಿಎಸ್‌ಆರ್ ತಂದುಕೊಡ್ತೀವಿ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ನಮಗೆ" ಎನ್ನುವವರು, ಮುಂಗಡ ಇಸಿದುಕೊಂಡು ಫೋನೆತ್ತದವರು. ಪಟ್ಟಿ ಕೊಂಡು ಪತ್ರ ಬರೆದವರಿಗೆ ಎಲ್ಲೋ ಒಂದು ಕಡೆಯಿಂದ ಉತ್ತರ ಬಂದೇ ಬಂತೆನ್ನಿ, ಅದರಲ್ಲಿರುವುದು ಇನ್ನೊಂದು ಪಟ್ಟಿ: ಮೂರು ವರ್ಷದ ಆಡಿಟ್ ವರದಿ, 12ಎಬಿ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿಯ ನೋಂದಣಿ, ಜನರ ಬಾಯಲ್ಲಿ 12ಎ), 80ಜಿ (ದಾನಿಗೆ ತೆರಿಗೆ ಕಡಿತ ಕೊಡಿಸುವ ಅನುಮೋದನೆ), ಸಿಎಸ್‌ಆರ್-1 ಸಂಖ್ಯೆ (ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳ ನೋಂದಣಿ), ದರ್ಪಣ್ ಐಡಿ (ಸೇವಾ ಸಂಸ್ಥೆಗಳ ಸರ್ಕಾರಿ ಪಟ್ಟಿಯ ಸಂಖ್ಯೆ), ಈಗಿನ ಪದಾಧಿಕಾರಿಗಳ ವಿವರ. ಬಹುಪಾಲು ಮಾತುಕತೆ ಅಲ್ಲಿಗೇ ಮುಗಿಯುತ್ತದೆ.

ಈ ಎರಡನೆಯ ಪಟ್ಟಿ ಪೂರೈಸಲು ಬೇಕಾದ ತಿಳಿವಳಿಕೆ ಹೆಚ್ಚಿನದು ಪುಕ್ಕಟೆ ಸಿಗುತ್ತದೆ. ನೀತಿ ಆಯೋಗದ ಎನ್‌ಜಿಒ ದರ್ಪಣ್ ನೋಂದಣಿಗೆ ಶುಲ್ಕವಿಲ್ಲ. ಆದಾಯ ತೆರಿಗೆ ಪೋರ್ಟಲಿನಲ್ಲಿ 12ಎಬಿ, 80ಜಿಗೆ ಅರ್ಜಿ ಹಾಕಲು ಶುಲ್ಕವಿಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1ಕ್ಕೂ ಇಲ್ಲ. ಅದಕ್ಕೆ ಸಂಸ್ಥೆಯವರ ಡಿಜಿಟಲ್ ಸಹಿಯ ಜೊತೆಗೆ ವೃತ್ತಿನಿರತ ಸಿಎ, ಕಂಪನಿ ಸೆಕ್ರೆಟರಿ (ಸಿಎಸ್) ಅಥವಾ ಕಾಸ್ಟ್ ಅಕೌಂಟೆಂಟ್ ಒಬ್ಬರ ದೃಢೀಕರಣ ಬೇಕು, ಅವರ ಶ್ರಮಕ್ಕೆ ಕೊಡುವುದಷ್ಟೇ ಖರ್ಚು. "ಸರ್ಕಾರಿ ಫೀ" ಎಂದು ಯಾರಾದರೂ ಸಾವಿರಗಳಲ್ಲಿ ಬಿಲ್ ಬರೆದರೆ ರಸೀದಿ ಕೇಳಿ.

ಶುರುವಾಗುವುದು ಮೂಲ ಕಾಗದದಿಂದ. ಕರ್ನಾಟಕದಲ್ಲಿ ಸಂಸ್ಥೆಗೆ ಮೂರು ರೂಪಗಳಿವೆ: ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಡೀಡ್ ನೋಂದಾಯಿಸಿದ ಸಾರ್ವಜನಿಕ ಟ್ರಸ್ಟ್, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಕನಿಷ್ಠ 7 ಜನ ಸೇರಿ ಮಾಡುವ ಸೊಸೈಟಿ, 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಕಂಪನಿ. ಯಾವುದು ಮೇಲು ಎಂಬ ಚರ್ಚೆಗೆ ಯೂಟ್ಯೂಬಿನಲ್ಲಿ ವಿಡಿಯೋಗಳಿಗೆ ಬರವಿಲ್ಲ, ಅದನ್ನು ಇಲ್ಲಿ ಬಿಡೋಣ. ಯಾವ ರೂಪವಾದರೂ ಡೀಡ್ ಅಥವಾ ಬೈಲಾದಲ್ಲಿ ಏನು ಬರೆದಿದೆ ಎಂಬುದು ಮುಂದಿನ ಇಪ್ಪತ್ತು ವರ್ಷ ಕಾಡುತ್ತದೆ. ನೋಂದಣಿ ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಸಿಗುವ ಸಿದ್ಧ ನಮೂನೆ ನೋಂದಣಿಗೆ ಸಾಕು, ತೆರಿಗೆ ವಿನಾಯಿತಿಗೆ ಎಷ್ಟೋ ಸಲ ಸಾಲದು. ಆದಾಯ ತೆರಿಗೆ ಆಯುಕ್ತರ ಕಚೇರಿ ಹುಡುಕುವುದು ಕೆಲವೇ ಸಾಲುಗಳನ್ನು. ಸಂಸ್ಥೆ ವಿಸರ್ಜನೆಯಾದರೆ ಉಳಿದ ಆಸ್ತಿ ಇಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು, ಸದಸ್ಯರಿಗೆ ಹಂಚಬಾರದು ಎಂಬ ಸಾಲು. ಟ್ರಸ್ಟ್ ಆದರೆ ಅದನ್ನು ಹಿಂತೆಗೆದುಕೊಳ್ಳುವಂತಿಲ್ಲ ಎಂಬ ಸಾಲು. ಆದಾಯವೆಲ್ಲ ಉದ್ದೇಶಕ್ಕೇ ಬಳಕೆ ಎಂಬ ಸಾಲು.

ಇನ್ನೊಂದು ಸಾಲು ಇರಬಾರದು. "ನಮ್ಮ ಸಮಾಜದ ಬಡ ವಿದ್ಯಾರ್ಥಿಗಳಿಗೆ ಹಾಸ್ಟೆಲ್" ಎಂದು ಉದ್ದೇಶದಲ್ಲಿ ಬರೆಯುವುದು ನಮ್ಮಲ್ಲಿ ಹಳೆಯ ರೂಢಿ. ಜಾತಿವಾರು ವಿದ್ಯಾರ್ಥಿ ನಿಲಯಗಳು ಈ ನಾಡಿನ ಶಿಕ್ಷಣಕ್ಕೆ ಮಾಡಿದ ಉಪಕಾರವೂ ದೊಡ್ಡದೇ. ಆದರೆ 1962ರ ಏಪ್ರಿಲ್ ನಂತರ ಹುಟ್ಟಿದ ಸಂಸ್ಥೆಯ ಪ್ರಯೋಜನ ಒಂದೇ ಧರ್ಮ ಅಥವಾ ಜಾತಿಯವರಿಗೆ ಮೀಸಲಾಗಿದ್ದರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆ ಮತ್ತು ಮಕ್ಕಳಿಗೆಂದೇ ಇರುವ ಸಂಸ್ಥೆಗಳಿಗೆ ಈ ತಡೆ ಅನ್ವಯಿಸದು. ಒಂದೇ ಪದ ಬದಲಿಸಿದ್ದರೆ ತಪ್ಪುತ್ತಿದ್ದ ತೊಂದರೆಗೆ ಆಮೇಲೆ ತಿದ್ದುಪಡಿ ಡೀಡ್, ಮತ್ತೆ ಅರ್ಜಿ, ಮತ್ತೆ ಓಡಾಟ.

ಸೊಸೈಟಿಗಳ ಪಾಡು ಬೇರೆ. ಟ್ರಸ್ಟುಗಳಿಗೆ ಮಹಾರಾಷ್ಟ್ರದಲ್ಲಿ ಚಾರಿಟಿ ಕಮಿಷನರ್ ಇದ್ದಾರೆ, ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ. ಸೊಸೈಟಿಗಾದರೆ ಜಿಲ್ಲಾ ನೋಂದಣಾಧಿಕಾರಿ ಇದ್ದಾರೆ. ವಾರ್ಷಿಕ ಮಹಾಸಭೆ ನಡೆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಜಮಾ-ಖರ್ಚು, ಅಢಾವೆ ಪತ್ರಿಕೆ ಅವರಿಗೆ ಸಲ್ಲಬೇಕು. ಸಂಸ್ಥೆಯಲ್ಲಿ ಹಣವಿಲ್ಲದಿರುವಾಗ ಇದನ್ನು ನಾಲ್ಕೈದು ವರ್ಷ ಬಿಟ್ಟರೂ ಯಾರೂ ಕೇಳುವುದಿಲ್ಲ. ಖಜಾಂಚಿ ತೀರಿಕೊಂಡಾಗಲೋ ಅಧ್ಯಕ್ಷ-ಕಾರ್ಯದರ್ಶಿಗಳಿಗೆ ಜಗಳವಾದಾಗಲೋ ಬ್ಯಾಂಕಿನವರು ನೋಂದಣಾಧಿಕಾರಿ ದೃಢೀಕರಿಸಿದ ಪದಾಧಿಕಾರಿಗಳ ಪಟ್ಟಿ ಕೇಳುತ್ತಾರೆ. ಕಡತದಲ್ಲಿರುವ ಕೊನೆಯ ಪಟ್ಟಿ ಹಿಂದಿನ ಸಮಿತಿಯದು. ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಯಾರದು ಎಂದು ತೀರ್ಮಾನವಾಗುವಷ್ಟರಲ್ಲಿ ಅನುದಾನದ ವರ್ಷ ಕಳೆದಿರುತ್ತದೆ. ಈ ಕಾಯ್ದೆಯ ಕನ್ನಡ ಪಠ್ಯ ರಾಜ್ಯ ಸಂಸದೀಯ ವ್ಯವಹಾರಗಳ ಇಲಾಖೆಯ ಜಾಲತಾಣದಲ್ಲಿದೆ. ಮುದ್ರಿಸಿ ನಡಾವಳಿ ಪುಸ್ತಕದ ಜೊತೆಗೇ ಇಟ್ಟುಕೊಳ್ಳುವುದು ಯಾವ ಕನ್ಸಲ್ಟೆಂಟ್‌ಗಿಂತಲೂ ಅಗ್ಗ.

ತೆರಿಗೆಯ ವಿಷಯದಲ್ಲಿ ಎಡವುವುದು ದಿನಾಂಕದಲ್ಲಿ. ಹೊಸ ಸಂಸ್ಥೆಗೆ ಫಾರ್ಮ್ 10ಎ ಹಾಕಿದರೆ ತಾತ್ಕಾಲಿಕ ನೋಂದಣಿ, 3 ವರ್ಷದ ಬಾಳಿಕೆ. ಅದನ್ನು ಕಾಯಂ ಮಾದರಿಗೆ ತರಲು ಫಾರ್ಮ್ 10ಎಬಿ. ಅವಧಿ ಮುಗಿಯುವ 6 ತಿಂಗಳ ಮೊದಲು ಅಥವಾ ಚಟುವಟಿಕೆ ಶುರುವಾಗಿ 6 ತಿಂಗಳೊಳಗೆ, ಯಾವುದು ಮೊದಲೋ ಅದು ಗಡುವು. ಎಲ್ಲರೂ "3 ವರ್ಷ" ಎಂಬುದನ್ನು ನೆನಪಿಡುತ್ತಾರೆ, "ಯಾವುದು ಮೊದಲೋ" ಎಂಬುದನ್ನು ಮರೆಯುತ್ತಾರೆ. ನೋಂದಣಿಯಾದ ವಾರದಲ್ಲೇ ನೋಟ್‌ಬುಕ್ ಹಂಚಿ ಫೋಟೋ ಹಾಕಿದ ಸಂಸ್ಥೆಗೆ ಗಡುವು ಅಂದಿನಿಂದಲೇ ಓಡತೊಡಗುತ್ತದೆ. ಕಾಯಂ ಎನ್ನುವ ನೋಂದಣಿಯೂ 5 ವರ್ಷಕ್ಕೆ ಮಾತ್ರ. ಹಿಂದಿನ ಎರಡೂ ವರ್ಷ ಆದಾಯ 5 ಕೋಟಿ ರೂಪಾಯಿ ಮೀರದ ಸಂಸ್ಥೆಗಳಿಗೆ 2025ರ ಹಣಕಾಸು ಕಾಯ್ದೆ ಅದನ್ನು 10 ವರ್ಷಕ್ಕೆ ಏರಿಸಿತು. ಆ ಕಾಯ್ದೆ 80ಜಿಯನ್ನು ಮುಟ್ಟದೆ 5ಕ್ಕೇ ಬಿಟ್ಟದ್ದರಿಂದ ಎರಡು ಪ್ರಮಾಣಪತ್ರಗಳ ಕೊನೆಯ ದಿನಾಂಕ ಬೇರೆ ಬೇರೆ ಬರಬಹುದು. ಎರಡನ್ನೂ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ.

2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವುದರಿಂದ ಸೆಕ್ಷನ್, ಫಾರ್ಮ್ ಸಂಖ್ಯೆಗಳು ಬದಲಾಗಿವೆ. ಜನರ ಬಾಯಲ್ಲಿ 12ಎ, 80ಜಿ ಎಂಬ ಹೆಸರು ಇನ್ನೂ ಹಲವು ಕಾಲ ಇರುತ್ತದೆ, ಇಲ್ಲೂ ಸೆಕ್ಷನ್, ಫಾರ್ಮುಗಳ ಹಳೆಯ ಹೆಸರನ್ನೇ ಬಳಸಿದೆ. ಆದರೆ ಹಳೆಯ ಬರಹ, ಹಳೆಯ ವಿಡಿಯೋ ನೋಡಿ ಫಾರ್ಮ್ ತುಂಬುವ ಕಾಲ ಇದಲ್ಲ. ಯಾವುದೇ ಮಾರ್ಗದರ್ಶಿ ಸಿಕ್ಕರೂ ಮೊದಲು ಅದರ ದಿನಾಂಕ ನೋಡಬೇಕು. ಮೂಲ ಕಾಯ್ದೆ ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ತಾಣದಲ್ಲಿದೆ. ಫಾರ್ಮ್ ತುಂಬುವ ಹಂತಗಳು ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲಿನ ಕೈಪಿಡಿಗಳಲ್ಲಿವೆ. ಅದನ್ನು ಸಂಸ್ಥೆ ನಡೆಸುವವರ ಭಾಷೆಯಲ್ಲಿ ಬಿಡಿಸಿ ಹೇಳುವವರು ಬೇಕೆಂದರೆ ಮುಂಬೈನ ಸೆಂಟರ್ ಫಾರ್ ಅಡ್ವಾನ್ಸ್‌ಮೆಂಟ್ ಆಫ್ ಫಿಲಾಂಥ್ರಪಿ ಕಾನೂನಿನ ಬದಲಾವಣೆಗಳ ಮೇಲೆ ಬರೆಯುತ್ತಾ ಬಂದಿದೆ, ದೆಹಲಿಯ ಅಕೌಂಟೆಬಲ್ ಬಳಗ ಲೆಕ್ಕಪತ್ರದ ಮೇಲೆ ಚಿಕ್ಕ ಚಿಕ್ಕ ಟಿಪ್ಪಣಿಗಳನ್ನು ಹೊರತಂದಿದೆ. ಎರಡೂ ಮುಖ್ಯವಾಗಿ ಇಂಗ್ಲಿಷಿನವು. ತಾಲ್ಲೂಕು ಮಟ್ಟದ ಕಾರ್ಯದರ್ಶಿಯೊಬ್ಬರು ಕನ್ನಡದಲ್ಲೇ ಓದಿ ಮಾಡಬಹುದಾದ ಇಂಥ ಬರಹ ಬಹಳ ವಿರಳ. ಕಂಪನಿಗಳು ಸಾಮರ್ಥ್ಯ ಬೆಳೆಸುತ್ತೇವೆಂದು ಹೋಟೆಲಿನಲ್ಲಿ ಕಾರ್ಯಾಗಾರ ಮಾಡುವ ಖರ್ಚಿನಲ್ಲಿ ನಾಲ್ಕು ಕೈಪಿಡಿ ಅನುವಾದವಾಗುತ್ತಿದ್ದವು.

ಲೆಕ್ಕದ ಮನೆಗೆ ಬರೋಣ. ವರ್ಷದ ಆದಾಯದ ಶೇ. 85ರಷ್ಟು ಅದೇ ವರ್ಷ ಉದ್ದೇಶಕ್ಕೆ ಖರ್ಚಾಗಬೇಕು ಎಂಬ ನಿಯಮ ಎಲ್ಲರಿಗೂ ಗೊತ್ತು. ಯಾವ ಖರ್ಚು ಆ 85ರಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಆಡಿಟ್ ವೇಳೆ ಗೊತ್ತಾಗುತ್ತದೆ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದು ಖರ್ಚೇ ಅಲ್ಲ. ಶಿಬಿರದ ಅಡುಗೆಯವರಿಗೆ, ಶಾಮಿಯಾನದವರಿಗೆ ಕೊಡುವಾಗ ಆಗುವ ತಪ್ಪು ಇದು. ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕಾದಲ್ಲಿ ಹಿಡಿಯದಿದ್ದರೆ ಆ ಖರ್ಚಿನ ಶೇ. 30 ಬಿದ್ದುಹೋಗುತ್ತದೆ. ಇನ್ನೊಂದು ನೋಂದಾಯಿತ ಸಂಸ್ಥೆಗೆ ಕೊಟ್ಟ ದೇಣಿಗೆಯಲ್ಲಿ ಶೇ. 85 ಮಾತ್ರ ಎಣಿಕೆಗೆ ಬರುತ್ತದೆ. ಮಾರ್ಚ್ ಕೊನೆಯ ವಾರ ಹಣ ಬಂದು ಖರ್ಚು ಮಾಡಲಾಗದಿದ್ದರೆ ಅದಕ್ಕೆ ದಾರಿಯಿದೆ: 2025-26ರವರೆಗಿನ ಲೆಕ್ಕಕ್ಕೆ, ಆ ಖರ್ಚನ್ನು ಮುಂದಕ್ಕೆ ಹಾಕುವ ಫಾರ್ಮ್ 9ಎ. ನಿಶ್ಚಿತ ಉದ್ದೇಶಕ್ಕೆ 5 ವರ್ಷದವರೆಗೆ ಕೂಡಿಡುವುದಾದರೆ ಫಾರ್ಮ್ 10. ಎರಡನ್ನೂ ರಿಟರ್ನ್ ಗಡುವಿಗೆ 2 ತಿಂಗಳ ಮೊದಲೇ, ಅಂದರೆ ಆಗಸ್ಟ್ 31ರೊಳಗೆ ಹಾಕಬೇಕು. ಆಡಿಟ್ ವರದಿ ಸೆಪ್ಟೆಂಬರ್ 30ಕ್ಕೆ, ಐಟಿಆರ್-7 ಎಂಬ ರಿಟರ್ನ್ ಅಕ್ಟೋಬರ್ 31ಕ್ಕೆ. ಸಣ್ಣ ಸಂಸ್ಥೆಗಳು ಆಡಿಟರ್ ಬಳಿ ಕಾಗದದ ಚೀಲ ಒಯ್ಯುವುದೇ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ 9ಎ ಬಾಗಿಲು ಮುಚ್ಚಿರುತ್ತದೆ.

ಆಡಿಟರ್ ಆರಿಸುವಾಗ "ಎಷ್ಟು ತಗೋತೀರಿ" ಎಂದು ಕೇಳುವ ಮೊದಲು ಕಳೆದ ವರ್ಷ ಸೇವಾ ಸಂಸ್ಥೆಗಳ ಎಷ್ಟು ಆಡಿಟ್ ವರದಿ (ಫಾರ್ಮ್ 10ಬಿ, 10ಬಿಬಿ) ಕೊಟ್ಟಿದ್ದೀರಿ ಎಂದು ಕೇಳಿ. ಅಂಗಡಿ, ಗುತ್ತಿಗೆದಾರರ ಲೆಕ್ಕ ಬರೆಯುವುದರಲ್ಲಿ ಪಳಗಿದವರಿಗೆ ಟ್ರಸ್ಟ್ ಲೆಕ್ಕ ಗೊತ್ತಿರಲೇಬೇಕೆಂದಿಲ್ಲ. ಆದಾಯ 5 ಕೋಟಿ ಮೀರಿದರೆ ಅಥವಾ ವಿದೇಶಿ ದೇಣಿಗೆ ಬಂದಿದ್ದರೆ 10ಬಿ, ಉಳಿದವರಿಗೆ ಸಾಮಾನ್ಯವಾಗಿ 10ಬಿಬಿ. ತಪ್ಪು ಫಾರ್ಮಿನಲ್ಲಿ ಹಾಕಿ ವಿನಾಯಿತಿಯನ್ನೇ ಗಂಡಾಂತರಕ್ಕೆ ತಂದುಕೊಂಡವರಿದ್ದಾರೆ. ವರದಿಯಲ್ಲಿ ಯುಡಿನ್, ಅಂದರೆ ಸಿಎ ಸಹಿ ಮಾಡಿದ ದಾಖಲೆಯ ಗುರುತಿನ ಸಂಖ್ಯೆ ಇದೆಯೇ ನೋಡಿ. ದಾನಿ ಸಂಸ್ಥೆಗಳು ಅದನ್ನು ಸಿಎಗಳ ಸಂಸ್ಥೆಯ ತಾಣದಲ್ಲಿ ತಾಳೆ ಹಾಕುತ್ತವೆ.

80ಜಿ ಎಂದರೆ ದಾನಿಗಳು ಓಡಿಬರುತ್ತಾರೆಂಬ ನಂಬಿಕೆ ಈಗ ಅರ್ಧ ಮಾತ್ರ ಸರಿ. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ, ಅದರಲ್ಲಿ 80ಜಿ ಕಡಿತವಿಲ್ಲ. ಸಂಬಳದವರಲ್ಲಿ ಅನೇಕರಿಗೆ ನಿಮ್ಮ ರಸೀದಿಯಿಂದ ತೆರಿಗೆ ಲಾಭವಿಲ್ಲ, ಆದ್ದರಿಂದ ಕರಪತ್ರದ ಮೊದಲ ಸಾಲಿನಲ್ಲೇ ಅದನ್ನು ಸಾರುವುದರಲ್ಲಿ ಅರ್ಥವಿಲ್ಲ. ಹಳೆ ಪದ್ಧತಿಯಲ್ಲಿರುವವರಿಗೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಕಡಿತ ಸಿಗದು. ದಾನಿಯ ಪ್ಯಾನ್ ಸಂಖ್ಯೆಯನ್ನು ರಸೀದಿ ಬರೆಯುವಾಗಲೇ ಕೇಳಬೇಕು. ಮೇ 31ರೊಳಗೆ ಫಾರ್ಮ್ 10ಬಿಡಿಯಲ್ಲಿ ಎಲ್ಲ ದಾನಿಗಳ ವಿವರ ಏರಿಸಿ, ಪೋರ್ಟಲಿನಿಂದಲೇ 10ಬಿಇ ಪ್ರಮಾಣಪತ್ರ ಇಳಿಸಿ ಅವರಿಗೆ ಕಳಿಸಬೇಕು. ತಡವಾದ ಪ್ರತಿ ದಿನಕ್ಕೆ 200 ರೂಪಾಯಿ. ಮೇ ತಿಂಗಳಲ್ಲಿ ಕುಳಿತು ಫೋನ್ ಮಾಡಿ ಪ್ಯಾನ್ ಕೇಳಿದರೆ, "ಸೈಬರ್ ವಂಚನೆಯಾ?" ಎಂದು ದಾನಿಗಳೇ ಗದರುವ ಕಾಲ.

ಈಗ ಎಲ್ಲರೂ ಮೊದಲು ಕೇಳುವ ಸಿಎಸ್‌ಆರ್. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ 3 ವರ್ಷದ ಸರಾಸರಿ ಲಾಭದ ಶೇ. 2ರಷ್ಟು ತೆಗೆದಿಡಬೇಕು. ಹೊರಗಿನ ಟ್ರಸ್ಟ್ ಅಥವಾ ಸೊಸೈಟಿಯ ಮೂಲಕ ಕೆಲಸ ಮಾಡಿಸುವುದಾದರೆ ಅದಕ್ಕೆ 12ಎ, 80ಜಿ, ಅಂಥದೇ ಕೆಲಸದಲ್ಲಿ 3 ವರ್ಷದ ಅನುಭವ ಮತ್ತು 2021ರ ಏಪ್ರಿಲ್ 1ರಿಂದ ಸಿಎಸ್‌ಆರ್-1 ನೋಂದಣಿ ಕಡ್ಡಾಯ. ಆರು ತಿಂಗಳ ಸಂಸ್ಥೆಗೆ ಸಿಎಸ್‌ಆರ್ ಕೊಡಿಸುತ್ತೇನೆ ಎಂದು ಪರ್ಸೆಂಟ್ ಕೇಳುವವರ ಮಾತು ಇಲ್ಲಿಗೇ ಬಿತ್ತು.

ಪಟ್ಟಿ ಕೊಳ್ಳುವ ಬದಲು ಮಾಡಬೇಕಾದ್ದು ಇಷ್ಟು. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್ ತೆರೆಯಿರಿ. ರಾಜ್ಯ, ಕ್ಷೇತ್ರ, ಕಂಪನಿವಾರು ಖರ್ಚು ಅಲ್ಲಿದೆ. ನಿಮ್ಮ ಜಿಲ್ಲೆಯಲ್ಲಿ, ನಿಮ್ಮ ಕ್ಷೇತ್ರದಲ್ಲಿ ಈಗಾಗಲೇ ಖರ್ಚು ಮಾಡಿರುವ ಹತ್ತು ಹನ್ನೆರಡು ಹೆಸರು ಗುರುತು ಹಾಕಿ. ಆಮೇಲೆ ಆಯಾ ಕಂಪನಿಯ ವಾರ್ಷಿಕ ವರದಿಗೆ ಲಗತ್ತಾದ ಸಿಎಸ್‌ಆರ್ ಅನುಬಂಧ, ಜಾಲತಾಣದ ಸಿಎಸ್‌ಆರ್ ಪುಟ ಓದಿ: ಯಾವ ಯೋಜನೆಗೆ ಎಷ್ಟು, ಯಾವ ಸಂಸ್ಥೆಯ ಮೂಲಕ ಎಂಬುದು ಹಲವರದರಲ್ಲಿ ಸಿಗುತ್ತದೆ. ಸರಾಸರಿ ಅನುದಾನ 80 ಲಕ್ಷ ಇರುವ ಕಂಪನಿಗೆ 6 ಲಕ್ಷದ ಪ್ರಸ್ತಾವ ಕಳಿಸಿದರೆ ಅವರಿಗೆ ಅದು ಕಾಗದದ ಕೆಲಸಕ್ಕೂ ಸಾಲದು. ಉಲ್ಟಾ ಆದರೂ ಅಷ್ಟೇ. ಆ ಕಂಪನಿಯ ಹಣ ಪಡೆದ ಸಂಸ್ಥೆಯ ಹೆಸರು ಸಿಕ್ಕಿದ ಮೇಲೆ ಆ ಸಂಸ್ಥೆಯವರನ್ನೇ ಕೇಳಬಹುದು. ಹತ್ತು ನಿಮಿಷದ ಆ ಫೋನಿನಲ್ಲಿ, ವರದಿ ಎಷ್ಟು ಸಲ ಕೇಳುತ್ತಾರೆ, ಹಣ ಯಾವ ಕಂತಿನಲ್ಲಿ ಬರುತ್ತದೆ ಎಂಬ, ಎಲ್ಲೂ ಬರೆದಿರದ ಮಾಹಿತಿ ಸಿಗುತ್ತದೆ.

ಬಜೆಟ್ ಮಾಡುವಾಗ ಕೈಕಚ್ಚಿಕೊಳ್ಳುವುದು ಸಂಕೋಚದಿಂದ. ಹತ್ತು ಶಾಲೆಗಳಲ್ಲಿ ಓದುವ ಮೂಲೆ ನಡೆಸುವ ಯೋಜನೆ ಎಂದುಕೊಳ್ಳಿ. ಇಬ್ಬರು ಕಾರ್ಯಕರ್ತರಿಗೆ ತಿಂಗಳಿಗೆ 18,000ದಂತೆ ವರ್ಷಕ್ಕೆ 4,32,000. ಓಡಾಟ ತಲಾ 3,000ದಂತೆ 72,000. ಪುಸ್ತಕ, ಕಪಾಟು ಶಾಲೆಗೆ 15,000ದಂತೆ 1,50,000. ನಾಲ್ಕು ತರಬೇತಿಗೆ 48,000. ಒಟ್ಟು 7,02,000. ಎಷ್ಟೋ ಪ್ರಸ್ತಾವಗಳು ಇಲ್ಲಿಗೇ ನಿಲ್ಲುತ್ತವೆ. ಲೆಕ್ಕ ಬರೆಯುವವರಿಗೆ ತಿಂಗಳಿಗೆ 6,000, ಬಾಡಿಗೆ-ಕರೆಂಟು-ಇಂಟರ್ನೆಟ್ಟಿನ ಪಾಲು 5,000, ಆಡಿಟ್ 25,000 ಸೇರಿದರೆ ಇನ್ನೂ 1,57,000. ನಿಜವಾದ ಮೊತ್ತ 8,59,000. ಲೆಕ್ಕ, ಕಚೇರಿ, ಆಡಿಟ್ಟಿನ ಈ ಖರ್ಚು ಅದರ ಶೇ. 18ರಷ್ಟು. ಇದನ್ನು ಬಿಟ್ಟು ಗೆದ್ದ ಅನುದಾನ ಸಂಸ್ಥೆಯನ್ನು ಪ್ರತಿ ವರ್ಷ ಒಂದೂವರೆ ಲಕ್ಷ ಸಾಲಕ್ಕೆ ತಳ್ಳುತ್ತದೆ. "ಆಡಳಿತ ವೆಚ್ಚ ಶೇ. 5 ಮೀರುವಂತಿಲ್ಲ, ಅದು ಕಾನೂನು" ಎಂಬ ಮಾತು ಆಗ ಬರುತ್ತದೆ. ಆ ಶೇ. 5 ಕಂಪನಿ ತನ್ನ ಸಿಎಸ್‌ಆರ್ ವಿಭಾಗದ ಆಡಳಿತಕ್ಕೆ ಮಾಡುವ ಖರ್ಚಿನ ಮಿತಿ. ಯೋಜನೆಯ ಅನುಷ್ಠಾನ, ಮೇಲ್ವಿಚಾರಣೆಗೆ ನೇರವಾಗಿ ಆಗುವ ಖರ್ಚು ಅದರೊಳಗೆ ಬರುವುದಿಲ್ಲವೆಂದು ಸಚಿವಾಲಯದ 2021ರ ನಿಯಮದ ವ್ಯಾಖ್ಯೆಯಲ್ಲೇ ಇದೆ. ಆ ಪುಟವನ್ನು ಕೈಯಲ್ಲಿಟ್ಟುಕೊಂಡೇ ಮಾತಿಗೆ ಕೂರಿ.

ಪ್ರಸ್ತಾವದಲ್ಲಿ "ನಮ್ಮ ತಾಲ್ಲೂಕು ಬಹಳ ಹಿಂದುಳಿದಿದೆ" ಎಂಬ ಸಾಲನ್ನು ಎಲ್ಲರೂ ಬರೆಯುತ್ತಾರೆ. ಅದಕ್ಕೆ ಆಧಾರ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಅಂದಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿ, ಅದರಲ್ಲೂ 39ನ್ನು ಅತ್ಯಂತ ಹಿಂದುಳಿದವೆಂದು ಹೆಸರಿಸಿತು. ವರದಿ ಹಳೆಯದು, ಆದರೆ ಸರ್ಕಾರದ ಭಾಷೆ ಇಂದಿಗೂ ಅದರದೇ. ಅದರ ಮೇಲೆ ಹೊಸ ಅಂಕಿ ಸೇರಿಸಿ: ಆರೋಗ್ಯ, ಪೌಷ್ಟಿಕತೆಗೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಪುಟಗಳು, ಶಾಲೆಗಳಿಗೆ ಸರ್ಕಾರದ ಶಾಲಾ ಅಂಕಿಅಂಶಗಳ ಯುಡೈಸ್ ಪ್ಲಸ್. ರಾಯಚೂರು, ಯಾದಗಿರಿಯವರಾದರೆ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿದ್ದೀರಿ, ಹಲವು ಕಂಪನಿಗಳು ಅದನ್ನು ಗಮನಿಸುತ್ತವೆ. ಇವೆಲ್ಲಕ್ಕಿಂತ ತೂಕದ್ದು ನೀವೇ ಹತ್ತು ಶಾಲೆಗೆ ಹೋಗಿ ಎಣಿಸಿ ತಂದ ಒಂದು ಪುಟ.

ಹೊರನಾಡಿನ ಕನ್ನಡಿಗರ ಹಣದ ಬಗ್ಗೆ ಎಚ್ಚರ ಹೇಳಲೇಬೇಕು, ಏಕೆಂದರೆ ಇಲ್ಲಿ ಒಳ್ಳೆಯ ಮನಸ್ಸಿನವರೇ ಸಿಕ್ಕಿಬೀಳುತ್ತಾರೆ. ಊರಿನ ಶಾಲೆಯ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಡಲ್ಲಾಸ್, ಲಂಡನ್, ಮೆಲ್ಬರ್ನಿನವರು ಇದ್ದೇ ಇರುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇಟ್ಟುಕೊಂಡವರು ಕೊಟ್ಟದ್ದು ವಿದೇಶಿ ದೇಣಿಗೆ. ಅವರು ಬೆಂಗಳೂರಿನ ಬ್ಯಾಂಕ್ ಖಾತೆಯಿಂದ ರೂಪಾಯಿಯಲ್ಲೇ ಹಾಕಿದರೂ ಅಷ್ಟೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಪಡೆಯುವುದು ಅಪರಾಧ. ಆದ್ದರಿಂದ ಕ್ಯೂಆರ್ ಕೋಡ್ ಹಂಚುವ ಮೊದಲೇ ಪೌರತ್ವದ ಘೋಷಣೆ ಮತ್ತು ಪಾಸ್‌ಪೋರ್ಟ್ ಪ್ರತಿ ಕೇಳುವ ಪದ್ಧತಿ ಇರಲಿ. ನೋಂದಣಿಗೆ ಸಂಸ್ಥೆಗೆ 3 ವರ್ಷ ತುಂಬಿರಬೇಕು, ಆ 3 ವರ್ಷದಲ್ಲಿ ಮೂಲ ಚಟುವಟಿಕೆಗೆ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ಸಿಕ್ಕ ಮೇಲೆ ಹಣ ಬರಬೇಕಾದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ, ಅದರಲ್ಲಿ ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ. 2020ರ ತಿದ್ದುಪಡಿಯ ನಂತರ ನೋಂದಣಿ ಇರುವ ದೊಡ್ಡ ಸಂಸ್ಥೆ ನಿಮಗೆ ಹಣ ದಾಟಿಸುವಂತೆಯೂ ಇಲ್ಲ. ಸಣ್ಣ ಸಂಸ್ಥೆಗಳಿಗೆ ಇದರ ಭಾರ ಹೊರುವುದಕ್ಕಿಂತ ಊರಿನ ಹಣ ಸೇರಿಸುವುದೇ ಸುಲಭ.

ಸೇವಾ ಸಂಸ್ಥೆಗಳು ಷೇರುಪೇಟೆಯ ಮೂಲಕ ಹಣ ಎತ್ತುವ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಎಂಬುದೂ ಬಂದಿದೆ. 2023ರ ಡಿಸೆಂಬರಿನಲ್ಲಿ ಅಲ್ಲಿ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಶನ್. ವರ್ಷಕ್ಕೆ 50 ಲಕ್ಷ ಖರ್ಚು ಮಾಡುವವರಿಗೆ ಅದು ಬಾಗಿಲು ತೆರೆಯುತ್ತದೆ, ಉಳಿದವರು ಸದ್ಯಕ್ಕೆ ಮರೆಯಬಹುದು.

ಜನರ ಮೂಲಕ ಸಿಗುವ ನೆರವಿನ ವಿಷಯದಲ್ಲಿ ಕರ್ನಾಟಕ ಬಡವಾಗಿಲ್ಲ. ಗ್ರಾಮೀಣ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟ ಫೆವಾರ್ಡ್-ಕೆ ಇದೆ. ಸ್ವಸಹಾಯ ಸಂಘಗಳ ತರಬೇತಿಯಲ್ಲಿ, 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯ ಅನುಭವವಿದೆ. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ ಉತ್ತರ ಕರ್ನಾಟಕದ ಸಂಸ್ಥೆಗಳನ್ನು ಒಂದೆಡೆ ಸೇರಿಸುತ್ತದೆ. ಪಂಚಾಯಿತಿಗಳ ಜೊತೆ ಕೆಲಸ ಮಾಡುವವರಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯ ಸಾಮಗ್ರಿ ಕನ್ನಡದಲ್ಲೇ ಸಿಗುತ್ತದೆ. ಆಡಳಿತದ ಗುಣಮಟ್ಟ ತೂಗಿ ನೋಡಲು, ಸೇವಾ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಕ್ರೆಡಿಬಿಲಿಟಿ ಅಲೈಯನ್ಸ್‌ನ ಮಾನದಂಡಗಳನ್ನು ಬಳಸಬಹುದು. ಮಾನ್ಯತೆಗೆ ಅರ್ಜಿ ಹಾಕದಿದ್ದರೂ ಸಮಿತಿ ಸಭೆಯಲ್ಲಿ ಒಂದೊಂದಾಗಿ ಓದಿ "ಇದು ನಮ್ಮಲ್ಲಿದೆಯೇ" ಎಂದು ಕೇಳಿಕೊಂಡರೆ ಸಾಕು. ನೌಕರರು 10 ಜನವಾದ ದಿನ ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿ ಬೇಕು, 20 ಆದಾಗ ಪಿಎಫ್. ಈ ಎರಡರಲ್ಲೂ ಸೇವಾ ಸಂಸ್ಥೆ ಎಂಬ ರಿಯಾಯಿತಿ ಇಲ್ಲ.

ಕೊನೆಗೆ, ಯಾವ ಮಾರ್ಗದರ್ಶಿಯೂ ಹೇಳದ ಒಂದು ಕೆಲಸ. ತೆರಿಗೆ ಪೋರ್ಟಲ್, ದರ್ಪಣ್, ಕಂಪನಿ ಸಚಿವಾಲಯದ ಪೋರ್ಟಲ್, ಟಿಡಿಎಸ್‌ನ ಟ್ರೇಸಸ್ ತಾಣ, ಬ್ಯಾಂಕ್, ಡಿಜಿಟಲ್ ಸಹಿಯ ಟೋಕನ್: ಇವುಗಳಲ್ಲಿ ಯಾವುದಕ್ಕೆ ಯಾರ ಮೊಬೈಲ್, ಯಾರ ಇಮೇಲ್ ಕೊಟ್ಟಿದೆ ಎಂದು ಇವತ್ತೇ ಒಂದು ಹಾಳೆಯಲ್ಲಿ ಬರೆಯಿರಿ. ಅರ್ಧದಷ್ಟು ಕಡೆ ನೋಂದಣಿ ಮಾಡಿಸಿಕೊಟ್ಟ ಏಜೆಂಟರದೋ ಕೆಲಸ ಬಿಟ್ಟುಹೋದ ಅಕೌಂಟೆಂಟರದೋ ನಂಬರ್ ಸಿಕ್ಕಿದರೆ ಆಶ್ಚರ್ಯಪಡಬೇಡಿ. ಇಲಾಖೆಯ ನೋಟಿಸ್ ಬರುವುದು ಆ ಇಮೇಲಿಗೆ, ಒಟಿಪಿ ಬರುವುದು ಆ ಫೋನಿಗೆ. ಸಂಸ್ಥೆಯ ಹೆಸರಿನಲ್ಲೇ ಒಂದು ಇಮೇಲ್ ಮತ್ತು ಕಚೇರಿಯಲ್ಲೇ ಇರುವ ಒಂದು ಸಿಮ್ ಮಾಡಿಸಿ, ಒಂದೊಂದಾಗಿ ಎಲ್ಲ ಕಡೆ ಬದಲಿಸಿ, ಆ ಹಾಳೆಯನ್ನು ಮುಂದಿನ ಸಭೆಯ ನಡಾವಳಿಗೆ ಲಗತ್ತಿಸಿ. ಎರಡು ದಿನದ ಕೆಲಸ, ಟೋಕನ್ ಅವಧಿ ಮುಗಿದಿದ್ದರೆ ಮೂರು.